ಹಸಿರು ಅಂಚಿನ ಕರ್ಚೀಫು

ಆ ನಟಿ ಅತ್ತಿದ್ದು ಸರಿ, ಆದರೆ ಬೇಗ ಅತ್ತಳು. ಮನೆಯೊಳಗೆ ಕಾಲಿಟ್ಟ ಕೂಡಲೇ ಅತ್ತುಬಿಟ್ಟರೆ ಮೂರನೇ ವಾರಕ್ಕೆ ಕಣ್ಣೀರು ಎಲ್ಲಿಂದ ತರುತ್ತಾಳೆ? ಈ ಮಾತನ್ನು ಗೆಳೆಯರ ಮುಂದೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ತಿದ್ದುತ್ತ ನಂದಕಿಶೋರ್ ಮಾಲೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಓಡುತ್ತಿದ್ದ. ಬೆಂಗಳೂರಿನ ಗಾಡಿ ಆಗಲೇ ಬಂದು ನಿಂತಿತ್ತು.

ಹಿಂದಿನ ದಿನ ಟೀವಿಯಲ್ಲಿ ‘ಒಂದೇ ಬಾಗಿಲು’ ಶುರುವಾಗಿತ್ತು. ಒಂದಷ್ಟು ಜನರನ್ನು ಒಂದು ಮನೆಯಲ್ಲಿ ಕೂಡಿಹಾಕುವುದು, ವಾರಕ್ಕೊಬ್ಬರನ್ನು ಅವರವರೇ ಸೇರಿ ಹೊರಗೆ ಕಳಿಸುವುದು, ಕೊನೆಗೆ ಉಳಿದವರು ಗೆದ್ದಂತೆ. ನಂದಕಿಶೋರ್ ಸೈಕಾಲಜಿಯಲ್ಲಿ ಎಂ.ಎ. ಮಾಡಿದವನು, ಹೆಂಗಸರು ಒಂದು ಸೋಪು ಬಿಟ್ಟು ಇನ್ನೊಂದನ್ನು ಏಕೆ ಎತ್ತಿಕೊಳ್ಳುತ್ತಾರೆಂದು ಬೆಂಗಳೂರಿನ ಕಂಪನಿಯೊಂದಕ್ಕೆ ವರದಿ ಬರೆಯುವವನು. ಈ ಆಟವನ್ನು ತನಗೋಸ್ಕರವೇ ಹೂಡಿದ್ದಾರೆಂದು ಅವನಿಗೆ ಅನ್ನಿಸಿತ್ತು.

ಹೆಂಡತಿ ಮೃದುಲಾಗೆ ವಿವರಿಸಲು ಹೋಗಿದ್ದ. "ಅವರ ಮನೆ ಸುದ್ದಿ ಆಯ್ತಲ್ಲ, ನಮ್ಮನೆ ಹಾಲಿಗೆ ಹೆಪ್ಪು ಹಾಕ್ತೀರಾ?" ಎಂದು ಅವಳು ಒಳಗೆ ಹೋಗಿದ್ದಳು.

"ಸಾರ್, ಇತ್ಲಾಗೆ!" ಕೋದಂಡರಾಮಪ್ಪ ಕಿಟಕಿಯಿಂದ ಕೈ ಬೀಸಿದ.

ಕೋದಂಡರಾಮಪ್ಪ ಕರ್ಚೀಫು ಎಸೆಯುವುದರಲ್ಲಿ ನಿಸ್ಸೀಮ. ಗಾಡಿ ನಿಲ್ಲುವ ಮೊದಲೇ ಕಿಟಕಿಯ ಸರಳಿನ ಸಂದಿಯಿಂದ ಎದುರುಬದುರು ಸೀಟುಗಳ ಮೇಲೆ ಕರ್ಚೀಫುಗಳು ಬಿದ್ದಿರುತ್ತಿದ್ದವು: ತನ್ನದು, ಮೆಡಿಕಲ್ ರೆಪ್ ಅನಿಲ್‌ಕುಮಾರನದು, ಕೃಷ್ಣರಾಜಪುರದಲ್ಲಿ ಟೀಚರಾಗಿದ್ದ ಸುನಂದಳದು, ನಂದಕಿಶೋರನ ಹಸಿರು ಅಂಚಿನದು. ಕರ್ಚೀಫು ಬಿದ್ದ ಸೀಟಿನಲ್ಲಿ ಆ ಗಾಡಿಯಲ್ಲಿ ಬೇರೆ ಯಾರೂ ಕೂರುವುದಿಲ್ಲ. ಜಗಳಗಂಟರೂ ನಿಂತೇ ಹೋಗುತ್ತಾರೆ. ಬಂದವರು ತಮ್ಮ ತಮ್ಮದನ್ನು ಎತ್ತಿ ಕೂತು, ಇಳಿಯುವಾಗ ಕೋದಂಡರಾಮಪ್ಪನ ಚೀಲಕ್ಕೆ ವಾಪಸು ಹಾಕಬೇಕು.

ಆ ಸೀಟೆಂದರೆ ನಂದಕಿಶೋರನಿಗೆ ಪ್ರಾಣ. ಆಫೀಸಿನಲ್ಲಿ ಅವನ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಇಲ್ಲಿ ಮಾತ್ರ "ಸಾರ್ ಏನಂತಾರೆ ಕೇಳೋಣ" ಎನ್ನುತ್ತಿದ್ದರು. ಇದೊಂದು ತಪ್ಪಿಹೋದರೆ ತಾನು ಎಲ್ಲಿಯೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನೆ ನೋಡಿದ್ರಾ ಸಾರ್?" ಅನಿಲ್‌ಕುಮಾರ್ ಕೇಳಿದ.

ನಂದಕಿಶೋರ್ ಗಂಟಲು ಸರಿಮಾಡಿಕೊಂಡ. "ಆ ಸೀರಿಯಲ್ ನಟಿ ಬೇಗ ಅತ್ತಳು, ಅದು ತಪ್ಪು. ಆದ್ರೆ ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡಳಲ್ಲ, ತಂತ್ರ ಅಂದ್ರೆ ಅದು. ಮನೆ ಮಂದಿಯೆಲ್ಲಾ ಬಾಗಿಲು ಬಡಿದ್ರು. ಹುಡುಕಿಸ್ಕೊಂಡವರಿಗೇ ಬೆಲೆ."

"ಆ ಪೈಲ್ವಾನ?"

"ಬಂದವನೇ ಸೌಟು ಹಿಡಿದ. ಅನ್ನ ಹಾಕೋನನ್ನ ಯಾರು ಕಳಿಸ್ತಾರೆ? ಆದ್ರೆ ಗೆಲ್ಲೋದು ಹವಾಮಾನ ಓದ್ತಿದ್ದ ಆ ಮನುಷ್ಯ. ತನ್ನ ಮಂಚ ಇನ್ನೊಬ್ಬನಿಗೆ ಬಿಟ್ಟು ನೆಲದ ಮೇಲೆ ಮಲಗಿದ. ಅವನ ಮೇಲೆ ಯಾರಿಗೂ ಕೋಪ ಇಲ್ಲ. ಕಳಿಸೋಕೆ ಕಾರಣ ಬೇಕಲ್ಲ?"

ಸುನಂದ ನಕ್ಕಳು. "ಅಯ್ಯೋ, ಮೊದಲು ಹೋಗೋದೇ ಅವನು ಸಾರ್."

"ಯಾಕೆ?"

"ಅವನು ಬೇಜಾರು ಮಾಡ್ಕೊಳಲ್ಲ."

ನಂದಕಿಶೋರ್ ಓದಿದ ಯಾವ ಪುಸ್ತಕದಲ್ಲೂ ಈ ಕಾರಣ ಇರಲಿಲ್ಲ. ಅಷ್ಟರಲ್ಲಿ ಅನಿಲ್‌ಕುಮಾರ್ ತೊಡೆ ತಟ್ಟಿದ. "ನಾವೂ ಆಡೋಣ. ನಮ್ಮಲ್ಲಿ ಒಬ್ಬರನ್ನ ಇಳಿಸ್ಬೇಕು ಅಂದ್ರೆ ಯಾರನ್ನ? ಒನ್ ಟೂ ತ್ರೀ ಅಂತೀನಿ, ಎಲ್ಲಾ ಒಟ್ಟಿಗೆ ಹೆಸರು ಹೇಳಿ."

ನಂದಕಿಶೋರ್ ಒಳಗೊಳಗೇ ಯೋಚಿಸಿದ. ಕೋದಂಡರಾಮಪ್ಪ ಎಂದರೆ ನಾಳೆ ಕರ್ಚೀಫು ಬೀಳುವುದಿಲ್ಲ. ಸುನಂದ ಎಂದರೆ ಮರ್ಯಾದೆಯಲ್ಲ. ಅನಿಲ್‌ಕುಮಾರ್ ಮುಖ ಊದಿಸಿಕೊಳ್ಳುತ್ತಾನೆ. "ತ್ರೀ" ಬರುವಷ್ಟರಲ್ಲಿ, ಯಾರಿಗೂ ನೋವಾಗದ ಹೆಸರು ಒಂದೇ ಉಳಿದಿತ್ತು. ಅವನು ತನ್ನ ಹೆಸರನ್ನೇ ಹೇಳಿದ.

ಉಳಿದ ಮೂವರೂ ಅದನ್ನೇ ಹೇಳಿದ್ದರು.

"ಅವಿರೋಧ ಆಯ್ಕೆ ಸಾರ್!" ಎಂದು ಕೋದಂಡರಾಮಪ್ಪ ಕೂಗಿದ. ಬೋಗಿಯೆಲ್ಲ ತಿರುಗಿ ನೋಡುವಷ್ಟು ನಗು. ಎಲ್ಲರಿಗಿಂತ ಜೋರಾಗಿ ನಂದಕಿಶೋರನೇ ನಕ್ಕ.

"ಬೇಜಾರಿಲ್ಲ ತಾನೆ?" ಸುನಂದ ಕೇಳಿದಳು.

"ಛೆ, ಛೆ."

ನೋವಾಗಿತ್ತು. ಬಹಳ ನೋವಾಗಿತ್ತು. ಆಫೀಸಿನಲ್ಲಿ ಕೂತು, ತನ್ನ ಹೆಸರು ಹೇಳಿದ ಮೂರು ದನಿಗಳಲ್ಲಿ ಯಾವುದು ಮೊದಲು ಬಂತೆಂದು ಮಧ್ಯಾಹ್ನದವರೆಗೆ ಯೋಚಿಸಿದ. ಬರೀ ಆಟ ಎಂದುಕೊಂಡ. ಆಟವಾದರೆ ಆಟಕ್ಕೊಂದು ತಂತ್ರ ಇರಲೇಬೇಕು. ಊಟದ ಡಬ್ಬಿ ತೊಳೆಯುವಾಗ ಬಚ್ಚಲಿಗೆ ಚಿಲಕ ಹಾಕಿಕೊಂಡ ನಟಿ ನೆನಪಾದಳು.

ಸಂಜೆ ಕಂಟೋನ್ಮೆಂಟಿನಲ್ಲಿ ಅವನು ಅದೇ ಬೋಗಿಯ ಇನ್ನೊಂದು ಬಾಗಿಲಿನಿಂದ ಹತ್ತಿದ. ಗೆಳೆಯರ ಸೀಟುಗಳ ಹಿಂದಿನ ಅಡ್ಡಗೋಡೆಗೆ ಒರಗಿ, ಮುಖಕ್ಕೆ ಪೇಪರು ಹಿಡಿದು ನಿಂತ. ಇಣುಕಿದರೆ ಸೀಟಿನ ಮೇಲೆ ಹಸಿರು ಅಂಚು ಕಾಣುತ್ತಿತ್ತು.

"ಇಲ್ಲಿ ಕೂರ್ಲೇನ್ರೀ?" ಯಾರೋ ಕೇಳಿದರು.

"ಜನ ಇದ್ದಾರೆ," ಕೋದಂಡರಾಮಪ್ಪನ ದನಿ.

"ಎಲ್ಲಿ?"

"ಕರ್ಚೀಫು ಕಾಣ್ತಿಲ್ವೇನಯ್ಯಾ? ನಮ್ ಸಾರ್ ಸೀಟು. ಬಿಟ್ಕೊಡೋ ಮಾತೇ ಇಲ್ಲ!"

ನಂದಕಿಶೋರನ ಕಣ್ಣು ತುಂಬಿಬಂತು. ಈಗ ಯಾರಾದರೂ ಎದ್ದು ಅತ್ತಿತ್ತ ನೋಡುತ್ತಾರೆ. ಹುಡುಕುವವರಿಗೆ ಅನುಕೂಲವಾಗಲೆಂದು ಪೇಪರನ್ನು ಸ್ವಲ್ಪ ಕೆಳಗಿಳಿಸಿದ. ಯಾರೂ ಏಳಲಿಲ್ಲ. ಇನ್ನೂ ಸ್ವಲ್ಪ ಇಳಿಸಿದ.

ಕೃಷ್ಣರಾಜಪುರದಲ್ಲಿ ಸುನಂದ ಹತ್ತಿ ತನ್ನ ಕರ್ಚೀಫು ಎತ್ತಿ ಕೂತಳು. "ಸಾರ್ ಎಲ್ಲಿ?"

"ಇಲ್ಲೇ ಎಲ್ಲೋ ಇರ್ತಾರೆ ಬಿಡಿ ಮೇಡಂ," ಎಂದ ಕೋದಂಡರಾಮಪ್ಪ.

ಅವಳು ಕರ್ಚೀಫಿನ ಕಡೆ ತಿರುಗಿ, "ಏನ್ ಸಾರ್, ಇವತ್ತು ಯಾರು ಅಳ್ತಾರೆ?" ಎಂದಳು. ಅನಿಲ್‌ಕುಮಾರ್ ಥೇಟ್ ನಂದಕಿಶೋರನ ಹಾಗೆ ಗಂಟಲು ಸರಿಮಾಡಿಕೊಂಡು, "ತಂತ್ರ ಅಂದ್ರೆ ಅದು," ಎಂದ. ಮೂವರೂ ನಕ್ಕರು. ಆ ಅಣಕದಲ್ಲಿ ಕೆಟ್ಟತನ ಇರಲಿಲ್ಲ; ಇದ್ದಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಮಾತು ಎಲ್ಲೂ ತಡವರಿಸದೆ ಮಾಲೂರಿನವರೆಗೆ ನಡೆಯಿತು. ಕರ್ಚೀಫು ಎಲ್ಲದಕ್ಕೂ ಒಪ್ಪಿಕೊಂಡು ಕೂತಿತ್ತು.

ಮಾಲೂರು ಬಂತು. ಎದ್ದವರು ತಮ್ಮ ತಮ್ಮದನ್ನು ಚೀಲಕ್ಕೆ ಹಾಕಿ ಇಳಿದರು. ಹಸಿರು ಅಂಚಿನದನ್ನು ಎತ್ತಲು ಅದರ ಯಜಮಾನನೇ ಅಲ್ಲಿರಲಿಲ್ಲ. ಮೂವರೂ ನಗುತ್ತಲೇ ಮೇಲ್ಸೇತುವೆಯ ಕಡೆ ಹೋದರು.

ಇನ್ನೊಂದು ಬಾಗಿಲಿನಿಂದ ಇಳಿದ ನಂದಕಿಶೋರ್ ಆ ಕಿಟಕಿಯ ಬಳಿ ಬಂದು ನಿಂತ. ಖಾಲಿಯಾದ ಸೀಟುಗಳಲ್ಲಿ ಆಗಲೇ ಜನ ಕೂತಿದ್ದರು. ಹೂ ಮಾರಿ ಖಾಲಿ ಬುಟ್ಟಿ ಹೊತ್ತ ವಯಸ್ಸಾದ ಹೆಂಗಸೊಬ್ಬಳು ಕರ್ಚೀಫಿನ ಪಕ್ಕ ನಿಂತಿದ್ದಳು. ಸೀಟನ್ನು ನೋಡಿದಳು, ಕಿಟಕಿಯಾಚೆ ಅವನನ್ನು ನೋಡಿದಳು.

"ಈಡ ಎವುರನ್ನಾ ಉಂಡಾರಾ ಸಾಮೀ?" ಇಲ್ಲಿ ಯಾರಾದರೂ ಇದ್ದಾರಾ ಎಂದು ತೆಲುಗಿನಲ್ಲಿ ಕೇಳಿದಳು.

ಸರಳಿನ ನಡುವೆ ಕೈ ಹಾಕಿದರೆ ಕರ್ಚೀಫು ಸಿಗುತ್ತಿತ್ತು. ಯಾರೂ ಇಲ್ಲ ಎಂದರೆ ಪಾಪ, ಅವಳು ಕೂರುತ್ತಿದ್ದಳು.

"ಉಂಡಾರು," ಎಂದ.

ಅವಳು ನಂಬಿದಳು. ಬುಟ್ಟಿಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು ನಿಂತಳು. ಗಾಡಿ ಹೊರಟಿತು. ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತ ಜನರ ನಡುವೆ, ಹಸಿರು ಅಂಚಿನ ಕರ್ಚೀಫು ಒಂದಿಡೀ ಸೀಟಿನಲ್ಲಿ ಒಂಟಿಯಾಗಿ ಕೂತು ಬಂಗಾರಪೇಟೆಯ ಕಡೆಗೆ ಹೋಯಿತು.