ಮುತ್ತಣ್ಣನ ಬೋಣಿ ಮೇಲ್

ಕುಂದಾಪುರ ಕೋಡಿಯ ಮುತ್ತಣ್ಣನಿಗೆ ಇ-ಮೇಲ್ ಕಳಿಸುವುದನ್ನು ಕಲಿಸಿದವಳು ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಅಂಗಡಿ ಇಟ್ಟಿದ್ದ ಶ್ರೀಲತಾ. ಎರಡು ಸಾವಿರದ ಒಂಬತ್ತನೇ ಇಸವಿಯ ಮಾತು. ಮಡಗಾಂವಿನಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವ ಬೈಂದೂರು ಕಡೆಯ ಗಣಪ, ಇನ್ನು ರೇಟೆಲ್ಲ ಮೇಲ್‌ನಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದ. ಅವನದೊಂದು ಮೇಲ್ ಬಂತು. ತಲೆಬರಹ ಬಂಗುಡೆ. ಶ್ರೀಲತಾ ಅದನ್ನು ತೆರೆದು, ರಿಪ್ಲೈ ಒತ್ತಿ, ಇಲ್ಲಿ ಬರೆಯಿರಿ ಎಂದು ತೋರಿಸಿದಳು. ಮುತ್ತಣ್ಣ ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ. ಅವತ್ತು ಒಂದು ಲಾರಿ ಬಂಗುಡೆ ಅವನು ಕೇಳಿದ ರೇಟಿಗೇ ಹೋಯಿತು.

ಮೀನು ಮಾರುವವರಿಗೆ ಬೋಣಿ ಎಂದರೆ ಹುಡುಗಾಟವಲ್ಲ. ಮೊದಲ ಗಿರಾಕಿಯ ಕೈಗುಣ ಒಳ್ಳೆಯದಾದರೆ ಬುಟ್ಟಿ ಖಾಲಿ. ಇಲ್ಲವಾದರೆ ಸಂಜೆಯವರೆಗೆ ನೊಣ ಓಡಿಸುವುದೇ ಕೆಲಸ. ಬುಟ್ಟಿಯಲ್ಲಿ ಅಗ್ಗದ ಬಂಗುಡೆ ಇರಲಿ, ಮದುವೆ ಮನೆಗೆ ಹೋಗುವ ದುಬಾರಿ ಅಂಜಲ್ ಇರಲಿ, ಬೋಣಿಯ ದುಡ್ಡನ್ನು ಕಣ್ಣಿಗೊತ್ತಿ ಬುಟ್ಟಿಗೆ ಮುಟ್ಟಿಸದೆ ಮುತ್ತಣ್ಣನ ತಾಯಿ ಎರಡನೇ ಮೀನು ಕೈಗೆತ್ತಿಕೊಂಡವಳಲ್ಲ. ಮಗ ಬಿಡುತ್ತಾನೆಯೇ? ಆ ಮೇಲ್ ಅವನ ಪಾಲಿಗೆ ಬೋಣಿ ಮೇಲ್ ಆಯಿತು. ಅಂದಿನಿಂದ ಯಾರಿಗೆ ಏನು ಬರೆಯುವುದಿದ್ದರೂ ಅದನ್ನೇ ತೆರೆಯುವುದು, ರಿಪ್ಲೈ ಒತ್ತುವುದು, ಗಣಪನ ವಿಳಾಸ ಅಳಿಸಿ ಬೇಕಾದವರದ್ದು ಹಾಕುವುದು, ಹಳೆಯದನ್ನು ಒರೆಸಿ ಹೊಸತು ಬರೆಯುವುದು. ಐಸಿನವನಿಗೆ ಬೈಗುಳ, ಇಂಜಿನ್ನಿನ ಬಿಡಿಭಾಗಕ್ಕೆ ಆರ್ಡರು, ಭಾವನಿಗೆ ಹಬ್ಬದ ಕರೆ, ಎಲ್ಲದರ ತಲೆಯ ಮೇಲೂ ಬಂಗುಡೆ. ರೇಟು ಪಕ್ಕದವರ ಕಣ್ಣಿಗೆ ಬೀಳಬಾರದೆಂದು ಅವನು ಕಂಪ್ಯೂಟರಿಗೂ ತನ್ನ ತಲೆಗೂ ಸೇರಿಸಿ ಹೆಗಲ ಮೇಲಿನ ಬೈರಾಸು ಹೊದ್ದುಕೊಳ್ಳುತ್ತಿದ್ದುದರಿಂದ ಶ್ರೀಲತಾಳಿಗೆ ಇದೊಂದೂ ಗೊತ್ತಿರಲಿಲ್ಲ.

ಹೀಗಿರುವಾಗ ಮಗಳ ಸಂಬಂಧದ ವಿಷಯ ಬಂತು. ದಿವ್ಯಾ ಬ್ರಹ್ಮಾವರದಲ್ಲಿ ಟೀಚರು. ಬಂದ ಗಂಡುಗಳಿಗೆಲ್ಲ ಮೂಗು ಮುರಿದವಳು, ಸಾಸ್ತಾನದ ಒಂದು ಮದುವೆಯಲ್ಲಿ ಮುಂಬೈಯ ಯತೀಶನನ್ನು ಕಂಡು ಬಂದು, "ಇವ್ರಾದ್ರೆ ಅಡ್ಡಿಲ್ಲೆ" ಎಂದಿದ್ದಳು. ತಾಯಿ ವನಜ ಆ ಎರಡು ಮಾತಿಗೆ ಮೂರು ವರ್ಷ ಕಾದಿದ್ದಳು. ಯತೀಶನ ಅಪ್ಪ ಚಂದಯ್ಯನಿಗೆ ಮುಂಬೈ ಗಿರಣಿಯ ಸದ್ದಿನಲ್ಲಿ ಕಿವಿ ಹೋಗಿತ್ತು. ಫೋನ್ ಮಾಡಿ ಪ್ರಯೋಜನವಿಲ್ಲ, ಹಿರಿಯರನ್ನು ಬಿಟ್ಟು ಹುಡುಗನ ಹತ್ತಿರ ಮಾತಾಡುವ ಕ್ರಮವೂ ಇಲ್ಲ. ಹಾಗಾಗಿ ಮುತ್ತಣ್ಣ ಬೈರಾಸಿನೊಳಗೆ ಕೂತು, ಬಂದು ನೋಡುತ್ತೇನೆಂದು ಆ ಮದುವೆಯಲ್ಲೇ ಹೇಳಿ ಮೇಲ್ ವಿಳಾಸ ಕೊಟ್ಟಿದ್ದ ಚಂದಯ್ಯನಿಗೆ, ಹೆಣ್ಣು ನೋಡಲು ಯಾವಾಗ ಬರುತ್ತೀರಿ ಎಂದು ಮೇಲ್ ಹಾಕಿದ.

ಹದಿನೈದು ದಿನ ಕಳೆಯಿತು. ಉತ್ತರವಿಲ್ಲ. ಮನೆಯಲ್ಲಿ ದಿವ್ಯಾ ಮಾತು ಬಿಟ್ಟಳು. ವನಜ ಪಾತ್ರೆ ಕುಕ್ಕತೊಡಗಿದಳು.

"ಹ್ವಾಯ್, ನೀವ್ ಸಮಾ ಕಂಡ್ರ್ಯಾ? ಮೇಲ್ ಬಂದಿತ್ತೇನೋ" ಎಂದಳು ವನಜ.

"ನಂಗೆ ಕಣ್ಣಿಲ್ಯಾ? ಚಂದಯ್ಯ ಅಂದೇಳಿ ಹುಡ್ಕ್ರೆ ಬಪ್ದೆಲ್ಲ ಗಣಪನ್ ಬಂಗುಡೆ. ಮುಂಬೈಯವ್ರಿಗೆ ದೌಲತ್ತ್. ಅವ್ರ್ ಬೇಡ ನಮ್ಗೆ."

ಬುಧವಾರ ಮುತ್ತಣ್ಣನ ತಾಳ್ಮೆ ಮುಗಿಯಿತು. ಇದ್ದದ್ದೇ ಸ್ವಲ್ಪ. ಸೈಬರಿಗೆ ನುಗ್ಗಿ, ಬೋಣಿ ಮೇಲ್ ತೆರೆದು, ಹಲ್ಲು ಕಚ್ಚಿಕೊಂಡು ಕುಟ್ಟಿದ. ನನ್ನ ಮಗಳನ್ನು ನೋಡಲು ಬರುತ್ತೇನೆಂದು ಆಸೆ ಹುಟ್ಟಿಸಿ ಬಾಯಿ ಮುಚ್ಚಿ ಕೂತಿದ್ದೀರಲ್ಲ, ಈ ವಯಸ್ಸಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ, ಇನ್ನು ಕೋಡಿ ಕಡೆ ಮುಖ ಹಾಕಿದರೆ ಕಾಲು ಮುರಿಯುತ್ತೇನೆ, ಎಂದು ಬರೆದು ಕಳಿಸಿ, ಎದೆ ಹಗುರ ಮಾಡಿಕೊಂಡು ಹೊರಗೆ ಬಂದು ಸೋಡಾ ಶರಬತ್ತು ಕುಡಿದ.

ಶುಕ್ರವಾರ ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಹರಾಜಿನ ಗಲಾಟೆಯ ನಡುವೆ ಫೋನ್ ಬಂತು. ಮಡಗಾಂವಿನ ಗಣಪ. ಸ್ವರ ಪಾತಾಳದಿಂದ ಬಂದಂತಿತ್ತು.

"ಮುತ್ತಣ್ಣ, ನಾನ್ ನಿಮ್ಗೆ ಎಂತ ಅನ್ಯಾಯ ಮಾಡಿದೆ?"

"ಎಂತ ಆಯ್ತ್ ಮಾರಾಯ?"

"ನಿಮ್ ಮಗಳನ್ನ್ ಕಾಂಬುಕೆ ಬತ್ತೆ ಅಂದೇಳಿ ನಾನ್ ಯಾವಾಗ ಹೇಳಿದೆ? ನಂಗೆ ಮೂರ್ ಮಕ್ಕಳ್. ನಿಮ್ ಮೇಲ್ ಅಪ್ಪಿ ಓದ್ಳ್. ಬುಧವಾರದಿಂದ ಒಲಿಗೆ ಬೆಂಕಿ ಹಾಕ್ಲಿಲ್ಲ. ಎರಡ್ ದಿನ ಆಯ್ತ್, ನಾನ್ ಬನ್ ತಿಂದ್ಕಂಡಿದ್ದೆ."

ಹಿಂದಿನಿಂದ ಅವನ ಹೆಂಡತಿ ಅಪ್ಪಿಯ ಸ್ವರ ಕೇಳಿತು. "ಕೇಣಿ, ಕೇಣಿ. ಆ ಹೆಣ್ಣಿನ್ ಹೆಸ್ರೆಂತ ಕೇಣಿ ಮೊದ್ಲ್."

ಸಿಟ್ಟಿನಲ್ಲಿ ಗಣಪನ ವಿಳಾಸ ಅಳಿಸುವುದನ್ನು ಮರೆತದ್ದು ಮುತ್ತಣ್ಣನ ತಲೆಗೆ ಹೊಳೆಯಲಿಲ್ಲ. ಕಂಪ್ಯೂಟರು ತನ್ನ ಮೇಲನ್ನು ಬೇರೆಯವರಿಗೆ ಕೊಟ್ಟಿದೆ ಎಂದೇ ತಿಳಿದ. ಅಪ್ಪಿಗೆ ಫೋನಿನಲ್ಲಿ ಆಣೆ ಪ್ರಮಾಣ ಮಾಡಿ, ಹರಾಜು ಅರ್ಧಕ್ಕೇ ಬಿಟ್ಟು, ಸ್ಕೂಟರಿನಲ್ಲಿ ನೇರ ಶ್ರೀಲತಾಳ ಅಂಗಡಿಗೆ ಬಂದ.

"ನಿನ್ ಡಬ್ಬಿಗೆ ತಲಿ ಸಮ ಇಲ್ಲೆ. ಚಂದಯ್ಯನಿಗ್ ಕೊಟ್ಟದ್ದ್ ಗಣಪನಿಗ್ ಹೋಯ್ತ್. ಚಂದಯ್ಯಂದ್ ನಂಗ್ ಬತ್ತಿಲ್ಲೆ."

"ಬೊಬ್ಬೆ ಹೊಡಿಬೇಡಿ ಮಾರ್ರೆ, ಗಿರಾಕಿ ಇದ್ರ್" ಎಂದಳು ಶ್ರೀಲತಾ. ಅವಳು ಮೊದಲು ಕಂಪ್ಯೂಟರನ್ನು ಆರಿಸಿ ಹಾಕಿದಳು. ಆಮೇಲೆ ಮೌಸನ್ನು ಸೀರೆಗೆ ಒರೆಸಿದಳು. ವಯರು ಕಿತ್ತು ಊದಿ ಸಿಕ್ಕಿಸಿದಳು. ಚಂದಯ್ಯ ಎಂದು ಹುಡುಕಿದರೆ ಮತ್ತೆ ಒಂದೇ ಒಂದು ಸಾಲು: ಗಣಪ, ಬಂಗುಡೆ.

"ಕಂಡ್ಯಾ? ನಾನ್ ಕೇಂಡದ್ದ್ ಗಂಡಿನ್ ಅಪ್ಪಯ್ಯನ್ನ, ಅದ್ ತೋರ್ಸುದ್ ಮೀನ್."

"ವೈರಸ್ ಬಂದಿರ್ಕ್" ಎಂದಳು ಅವಳು. ಗೊತ್ತಾಗದ್ದಕ್ಕೆಲ್ಲ ಅವಳು ಹೇಳುತ್ತಿದ್ದುದು ಅದನ್ನೇ. ಕೊನೆಗೆ ಬೇರೆ ದಾರಿ ಕಾಣದೆ, "ನೀವ್ ಮೇಲ್ ಹ್ಯಾಂಗ್ ಕಳ್ಸುದ್, ಒಂದ್ಸಲ ಮಾಡಿ ತೋರ್ಸಿ. ಬೈರಾಸ್ ತೆಗ್ದ್" ಎಂದಳು.

ಮುತ್ತಣ್ಣ ಒಲ್ಲದ ಮನಸ್ಸಿನಿಂದ ತೋರಿಸಿದ. ಬೋಣಿ ಮೇಲ್ ತೆರೆದ, ರಿಪ್ಲೈ ಒತ್ತಿದ, ಗಣಪನ ವಿಳಾಸ ಅಳಿಸಿದ. ಶ್ರೀಲತಾ ಹಣೆಗೆ ಕೈ ಹಚ್ಚಿಕೊಂಡಳು.

"ಎಲ್ಲರಿಗೂ ಹೀಂಗೇ ಕಳ್ಸುದಾ?"

"ಮತ್ತೆಂತ? ನೀನೇ ಕಲ್ಸಿದ್ದಲ್ದಾ?"

"ನಾನ್ ಗಣಪನಿಗ್ ಉತ್ತರ ಕೊಡುಕೆ ಕಲ್ಸದ್ದ್, ಇಡೀ ಊರಿಗಲ್ಲ. ಎಲ್ಲಾ ಜಾತಿ ಮೀನ್ ಒಂದೇ ಬುಟ್ಟಿಗ್ ಸುರ್ದ್, ಮೇಲೆ ಬಂಗುಡೆ ಮುಚ್ಚಿರೆ, ಅಡಿಯಲ್ಲಿ ಎಂತ ಇತ್ತ್ ಅಂದೇಳಿ ಯಾರಿಗ್ ಕಾಣತ್ತ್? ತಲೆಬರಹ ಒಂದೇ ಆದ್ರೆ ಒಂದೇ ಮಾತುಕತೆ ಅಂದೇಳಿ ಕಂಪ್ಯೂಟರ್ ಎಲ್ಲಾ ಒಟ್ಟ್ ಮಾಡಿತ್ತ್."

ಆ ಒಂದು ಸಾಲನ್ನು ಒತ್ತಿ ಅವಳು ಎಲ್ಲವನ್ನೂ ಬಿಚ್ಚಿದಳು. ಬುಟ್ಟಿ ಸುರಿದ ಹಾಗೆ ಒಂದರ ಕೆಳಗೊಂದು ಬಂದವು. ಐಸಿನವನ ತಿರುಗುಬೈಗುಳ. ಇಂಜಿನ್ನಿನವನ ಕ್ಷಮಾಪಣೆ. ಹಬ್ಬಕ್ಕೆ ಬರುತ್ತೇನೆಂದು ಭಾವ ಬರೆದದ್ದು. ಮುತ್ತಣ್ಣ ಅದನ್ನು ನೋಡದೆ, ಬಂದ ಭಾವನನ್ನು 'ಹೇಳದೆ ಕೇಳದೆ ಬಂದ್ರ್ಯಾ' ಎಂದು ಕೇಳಿ ಮುನಿಸು ಕಟ್ಟಿಕೊಂಡಿದ್ದ. ಅವುಗಳ ನಡುವೆ ಹೋದ ವಾರವೇ ಬಂದಿದ್ದ ಚಂದಯ್ಯನ ಮೇಲ್. ಶ್ರೀಲತಾ ಗಟ್ಟಿಯಾಗಿ ಓದಿದಳು.

ಹುಡುಗಿ ನಮಗೆಲ್ಲ ಒಪ್ಪಿಗೆ. ಬೈಂದೂರಿನ ತಂಗಿ ಮನೆಗೆ ಬರುತ್ತಿದ್ದೇವೆ. ಮುಂದಿನ ವಾರ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಮನೆಗೆ ಬಂದು ಮಾತು ಮುಗಿಸುತ್ತೇವೆ. ತೊಂದರೆ ಇದ್ದರೆ ತಿಳಿಸಿ. ತಿಳಿಸದಿದ್ದರೆ ಒಪ್ಪಿಗೆ ಎಂದೇ ತಿಳಿಯುತ್ತೇವೆ.

"ಇವತ್ತ್ ಎಂತ ವಾರ?" ಎಂದ ಮುತ್ತಣ್ಣ.

"ಶುಕ್ರವಾರ" ಎಂದಳು ಶ್ರೀಲತಾ. "ಬುಧವಾರ ನೀವ್ ಕಾಲ್ ಮುರಿತೆ ಅಂದೇಳಿ ಬರ್ದಿದ್ರಿ."

ಮುತ್ತಣ್ಣನ ಬೆವರು ಕೀಬೋರ್ಡಿನ ಮೇಲೆ ಬಿತ್ತು. ಮರುಗಳಿಗೆಯಲ್ಲೇ ಮುಖ ಅರಳಿತು. "ಅದ್ ಗಣಪನಿಗ್ ಹೋದ್ದಲ್ದಾ? ಹೊಸತ್ ಮೇಲ್ ಮಾಡಿದ್ರೆ ಸೀದ ಚಂದಯ್ಯನಿಗೇ ಹೋತಿತ್ತ್. ಬೋಣಿ ಕಾಪಾಡ್ತ್ ಕಾಣ್."

ಶ್ರೀಲತಾ ಗಡಿಯಾರ ತೋರಿಸಿ ಅವನನ್ನು ಕುರ್ಚಿಯಿಂದ ಎಬ್ಬಿಸಿ ಓಡಿಸಿದಳು.

ಅವನು ಮನೆ ಮುಟ್ಟಿದಾಗ ವನಜ ಹಳೆ ನೈಟಿಯಲ್ಲಿ ಬಂಗುಡೆ ಗಸಿ ಕುದಿಸುತ್ತಿದ್ದಳು. ಶಾಲೆಗೆ ರಜೆ ಹಾಕಿದ್ದ ದಿವ್ಯಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ವಿಷಯ ಕೇಳಿದ ವನಜ ಗಂಡನಿಗೆ ಬೈಯಲು ಬಾಯಿ ತೆರೆದು, ಹೊತ್ತಿಲ್ಲವೆಂದು ಮುಚ್ಚಿದಳು. "ರಾತ್ರಿಗ್ ಇತ್ತ್ ನಿಮ್ಗೆ" ಎಂದಷ್ಟೇ ಹೇಳಿದಳು. ಮೀನಿನ ವಾಸನೆ ಬರಬಾರದೆಂದು ಗಸಿಯ ಮಡಕೆ ಹಿತ್ತಲ ಬಚ್ಚಲಿಗೆ ಹೋಯಿತು. ಜಗಲಿಯ ತುಂಬ ಊದುಬತ್ತಿ. ಅನ್ನ, ಸಾರು, ಪಾಯಸ. ದಿವ್ಯಾ ಕನ್ನಡಿಯ ಮುಂದೆ ನಿಂತು, "ಅಪ್ಪಯ್ಯ, ಇನ್ನ್ ನೀವ್ ಎಂತದೂ ಬರಿಯೂಕಾಗ" ಎಂದಳು. ಮಾತು ಬಿಟ್ಟ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು.

ಬೈಂದೂರಿನ ಕಾರು ಬಂದೇ ಬಂತು. ಚಂದಯ್ಯ ಕೈಕಾಲು ತೊಳೆದು, ಎಲೆಯ ಮುಂದೆ ಕೂತು, ಸಾರನ್ನೂ ಪಾಯಸವನ್ನೂ ನೋಡಿದ. ಕಿವಿ ಕೇಳದವರ ಗಟ್ಟಿ ಸ್ವರದಲ್ಲಿ, "ಮುತ್ತಣ್ಣ, ನಿಮ್ ಮೇಲ್ ತಲಿ ಮೇಲೆ ಬಂಗುಡೆ ಅಂತ ಇತ್ತ್. ಮುಂಬೈಯಿಂದ ನಾನ್ ಆಸಿ ಹೊತ್ಕಂಡ್ ಬಂದೆ. ಎಲಿ ಮೇಲ್ ಮಾತ್ರ ಇಲ್ಯಾ?" ಎಂದ.

ಯತೀಶ ತಲೆ ತಗ್ಗಿಸಿ ನಕ್ಕ. ಬಾಗಿಲ ಹಿಂದೆ ದಿವ್ಯಾಳ ನಗು ಕೇಳಿತು. ವನಜ ಸೆರಗು ಸಿಕ್ಕಿಸಿ ಹಿತ್ತಲಿಗೆ ನಡೆದು ಮಡಕೆಯನ್ನೇ ಹೊತ್ತು ತಂದಳು. ಚಂದಯ್ಯ ನಾಲ್ಕನೇ ಬಂಗುಡೆಯ ಮುಳ್ಳು ಬಿಡಿಸುವಷ್ಟರಲ್ಲಿ ನಿಶ್ಚಿತಾರ್ಥದ ತಿಂಗಳು ಗೊತ್ತಾಗಿತ್ತು.

ದಿನ ಗೊತ್ತುಮಾಡಿ ತಿಳಿಸುವ ಕೆಲಸ ಹೆಣ್ಣಿನ ಕಡೆಯವರದ್ದು. ಮರುವಾರ ದಿವ್ಯಾ ಅಪ್ಪನ ಜೊತೆಗೇ ಸೈಬರಿಗೆ ಬಂದು ಕುರ್ಚಿಯ ಹಿಂದೆ ನಿಂತಳು. ಬೈರಾಸನ್ನು ಬಾಗಿಲಲ್ಲೇ ಕಿತ್ತುಕೊಂಡಿದ್ದಳು. ಶ್ರೀಲತಾ ಹೊಸ ಮೇಲ್ ತೆರೆದಿಟ್ಟಳು. ಮುತ್ತಣ್ಣ ಆ ಖಾಲಿ ಜಾಗವನ್ನು ನೋಡಿದ. ಬೋಣಿಯಾಗದ ಬುಟ್ಟಿಯಂತಿತ್ತು ಅದು.

"ತಲೆಬರಹ ಹಾಕಿ" ಎಂದಳು ಶ್ರೀಲತಾ. "ಬಂಗುಡೆ ಬೇಡ."

"ಗೊತ್ತಿತ್ತ್. ಮದಿ ವಿಷಯಕ್ಕೆ ಬಂಗುಡೆ ಸಾಕಾತಿಲ್ಲೆ" ಎಂದ ಮುತ್ತಣ್ಣ. ಕಣ್ಣು ಮುಚ್ಚಿ ತಾಯಿಯನ್ನು ನೆನೆದು, ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ: ಅಂಜಲ್.