ಬಲಗಾಲಿನ ಆಲ್ತಾ

“ಬೌದಿ, ಇನ್ನೊಂದು ಹಾಳೆ ಕೊಡಿ,” ಎಂದು ತನುಶ್ರೀ ತಲೆಯೆತ್ತದೆ ಕೈ ಚಾಚಿದಳು.

ನಿನ್ನೆ ಸಂಜೆ ತೀರಿಕೊಂಡ ಹೊನ್ನಪ್ಪನ ಎಡಗಾಲಿನ ಅಚ್ಚು ಆಗಲೇ ಬಿಳಿ ಹಾಳೆಯ ಮೇಲೆ ಕೆಂಪಗೆ ಮೂಡಿತ್ತು. ಸತ್ತ ಹಿರಿಯರ ಪಾದಕ್ಕೆ ಆಲ್ತಾ ಎಂಬ ಕೆಂಪು ಬಣ್ಣ ಹಚ್ಚಿ, ಅದರ ಗುರುತನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಇಲ್ಲಿಯ ಬಂಗಾಳಿಗಳ ಪದ್ಧತಿ. ಸಾವಿತ್ರಿಯನ್ನು ‘ಬೌದಿ’, ಅಂದರೆ ಅತ್ತಿಗೆ, ಎಂದೇ ಕರೆಯುವ ಪಕ್ಕದ ಮನೆಯ ತನುಶ್ರೀ ಯಾರನ್ನೂ ಕೇಳದೆ ಆಲ್ತಾ ಬಾಟಲಿ, ಹತ್ತಿ ಹಿಡಿದು ಬಂದು ಕೂತಿದ್ದಳು. ಹೊನ್ನಪ್ಪನ ಹೆಂಡತಿ ಸಾವಿತ್ರಿ ಬೇಡವೆನ್ನಲಿಲ್ಲ. ಎದ್ದು ಕಪಾಟು ತೆರೆದು, ಮದುವೆ ಸೀರೆಯ ಅಡಿಯಿಂದ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ತೆಗೆದು ಕೊಟ್ಟಳು.

“ಇದರಲ್ಲಿ ಏನೋ ಟೈಪ್ ಮಾಡಿದೆಯಲ್ಲ ಬೌದಿ? ಕೆಳಗೆ ಸಹಿ ಬೇರೆ ಇದೆ.”

“ಇರಲಿ,” ಎಂದಳು ಸಾವಿತ್ರಿ, ಬಂಗಾಳಿಯಲ್ಲೇ. “ಹಿಮ್ಮಡಿ ಸರಿಯಾಗಿ ಆ ಸಹಿಯ ಮೇಲೆ ಬರಬೇಕು. ಹಾಗೆ ಒತ್ತು.”

ತನುಶ್ರೀ ಬಲಗಾಲಿನ ಅಚ್ಚು ಒತ್ತಿದಳು. ಸಾವಿತ್ರಿ ಆ ಕಾಗದವನ್ನು ಫ್ಯಾನಿನ ಕೆಳಗೆ ಹಿಡಿದು ಒಣಗಿಸುತ್ತಾ ನಿಂತಳು. ನಿನ್ನೆ ಸಂಜೆಯಿಂದ ಅವಳು ಅತ್ತಿರಲಿಲ್ಲ. ದುಃಖವಿಲ್ಲದೆ ಅಲ್ಲ, ಪುರಸೊತ್ತಿಲ್ಲದೆ. ಮೊದಲು ಒಂದು ಕೆಲಸ ಮುಗಿಸಬೇಕಾಗಿತ್ತು.

ಹೊರಗೆ ವರಾಂಡದಲ್ಲಿ ಗಂಡಸರ ಮಾತು ನಡೆದಿತ್ತು. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಾರು? ಅದೂ ಈ ಊರಿನಲ್ಲಿ, ಅದೂ ನಿನ್ನೆ ತಾನೇ ದಕ್ಷಿಣ ಉದಯ ಫುಟ್‌ಬಾಲ್ ಕ್ಲಬ್ಬು ಸೋತಿರುವಾಗ.

“ಈ ಸೀಸನ್ನಿನಾಗ ಮೂರನೇ ಕೆಂಪು ಕಾರ್ಡ್ ಅದು. ಮೂರು!” ಎಂದರು ಮರಿಯಪ್ಪ. ಹೊನ್ನಪ್ಪನ ಜೊತೆ ರೈಲ್ವೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಗದಗಿನ ಕಡೆಯವರು. “ಆ ಅಜಯಗ ಫಾರ್ಮೂ ಇಲ್ಲ, ತಲೀನೂ ಇಲ್ಲ.”

“ಫಾರ್ಮ್ ಇಲ್ಲ ಅನ್ಬೇಡಿ ಸರ್,” ಎಂದ ವಿಶ್ವಾಸ್. ಊರಂಚಿನ ಜೋಕಾದ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಸೂರಿನ ಹುಡುಗ. “ಬ್ಯಾಕುಗಳ ಮುಂದೆ ಅವನೊಬ್ಬ ನಿಂತಿರೋದಕ್ಕೇ ನಾವಿನ್ನೂ ಈ ಡಿವಿಷನ್ನಲ್ಲಿ ಇದ್ದೀವಿ. ನಿನ್ನೆ ಎಷ್ಟು ಬಾಲ್ ಕಿತ್ತ, ನೋಡಿದ್ರಾ?”

“ಬಾಲ್ ಕಿತ್ತರ ಏನ್ ಬಂತೋ, ಮಂದಿ ಕಾಲೂ ಕೀಳ್ತಾನಲ್ಲ!”

ಹೇಳಿ ಮರಿಯಪ್ಪ ನಾಲಿಗೆ ಕಚ್ಚಿಕೊಂಡರು. ಯಾರ ಮನೆಯ ವರಾಂಡದಲ್ಲಿ ಕೂತಿದ್ದೇವೆಂಬುದು ತಡವಾಗಿ ನೆನಪಾಗಿತ್ತು.

“ಡಿಫೆನ್ಸಿವ್ ಮಿಡ್‌ಫೀಲ್ಡರ್ ಅಂದ್ರೆ ಅಷ್ಟೇ ಸರ್,” ಎಂದ ವಿಶ್ವಾಸ್ ದನಿ ತಗ್ಗಿಸಿ. “ಹತ್ತು ಜನರ ಕೊಳೆ ತೊಳೆಯೋ ಕೆಲಸ. ಗೋಲು ಹೊಡೆದವನ ಫೋಟೋ ಬರುತ್ತೆ, ಇವನಿಗೆ ಕಾರ್ಡ್ ಬರುತ್ತೆ. ಅಷ್ಟಕ್ಕೂ ನಿನ್ನೆ ಬೆಂಚಿಂದ ಯಾರೋ ‘ಬೀಳಿಸು ಅವನನ್ನ’ ಅಂತ ಕೂಗಿದ್ದು ಗ್ಯಾಲರಿಗೇ ಕೇಳಿಸ್ತು.”

“ಯಾರು ಕೂಗಿದ್ದು? ಸುಮ್ಮನೆ ಏನೇನೋ ಹೇಳಬಾರದು.”

ಮೆಟ್ಟಿಲ ಮೇಲೆ ಶ್ರೀಕರ ಬಂದು ನಿಂತಿದ್ದ. ದಕ್ಷಿಣ ಉದಯ ಕ್ಲಬ್ಬಿನ ಪ್ರಧಾನ ಕಾರ್ಯದರ್ಶಿ, ಅವನೂ ಮೈಸೂರಿನ ಕಡೆಯ ಕನ್ನಡಿಗ. ಗರಿಗರಿ ಬಿಳಿ ಪಂಜಾಬಿ ಜುಬ್ಬ, ಎಡಗೈ ಮೇಲೆ ಇಸ್ತ್ರಿ ಮಾಡಿ ಮಡಚಿದ ಕ್ಲಬ್ಬಿನ ಬಾವುಟ, ಹಿಂದೆ ಸುಗಂಧರಾಜದ ಹಾರ ಹಿಡಿದವನೊಬ್ಬ, ಕ್ಯಾಮೆರಾ ಹಿಡಿದವನೊಬ್ಬ. ಮುಂದಿನ ತಿಂಗಳು ಕ್ಲಬ್ಬಿನ ಚುನಾವಣೆ ಇತ್ತು.

“ಸಂಜೆ ಕಮಿಟಿ ಕರೆದಿದ್ದೀನಿ. ಅಜಯನನ್ನ ಹೊರಗೆ ಹಾಕ್ತೀವಿ,” ಎಂದ. “ಶಿಸ್ತಿಲ್ಲದವರಿಗೆ ನಮ್ಮ ಕ್ಲಬ್ಬಿನಲ್ಲಿ ಜಾಗವಿಲ್ಲ.”

ಒಳಗೆ ಸಾವಿತ್ರಿಯ ಕೈ ನಿಂತಿತು. ಆ ವಾಕ್ಯ ಅವಳಿಗೆ ಬಾಯಿಪಾಠ. ಅವಳ ಕೈಯಲ್ಲಿದ್ದ ಕಾಗದದ ನಾಲ್ಕನೆಯ ಸಾಲೂ ಅದೇ.

*

ಆ ಕಾಗದ ಮನೆಗೆ ಬಂದದ್ದು ೧೯೮೮ರಲ್ಲಿ, ಸಾವಿತ್ರಿ ಹುಬ್ಬಳ್ಳಿಯಿಂದ ಮದುವೆಯಾಗಿ ಬಂದು ಒಂದು ವರ್ಷ ತುಂಬುವ ಮೊದಲೇ.

ಹೊನ್ನಪ್ಪ ದಕ್ಷಿಣ ಉದಯದ ಆರನೇ ನಂಬರು. ಶ್ರೀಕರ ಆಗ ತಂಡದ ನಾಯಕ, ಜೊತೆಗೆ ಜಂಟಿ ಕಾರ್ಯದರ್ಶಿ. ರೈಲ್ವೆ ಕಚೇರಿಯಲ್ಲಿ ಹೊನ್ನಪ್ಪನ ಮೇಲಿನ ಅಧಿಕಾರಿಯೂ ಹೌದು. ಸೆಮಿಫೈನಲ್ಲಿನ ಕೊನೆಯ ಹತ್ತು ನಿಮಿಷದಲ್ಲಿ ಎದುರು ತಂಡದ ಇಪ್ಪತ್ತೆರಡು ವರ್ಷದ ಫಾರ್ವರ್ಡ್ ಜೀವನ್ ಚೆಂಡಿನೊಂದಿಗೆ ನುಗ್ಗಿದ. ಹೊನ್ನಪ್ಪನ ಬಲಗಾಲು ಬೀಸಿತು. ಜೀವನನ ಮೊಣಕಾಲು ಮತ್ತೆಂದೂ ಸರಿಯಾಗಿ ಮಡಚಲಿಲ್ಲ.

ವಿಚಾರಣೆ ನಡೆಯಿತು. ಕಾಗದ ಬಂತು: “ನೀವು ಯಾರ ಸೂಚನೆಯೂ ಇಲ್ಲದೆ, ಸ್ವಂತ ಸಿಟ್ಟಿನಿಂದ ಎದುರಾಳಿಯ ಮೊಣಕಾಲಿಗೆ ಒದ್ದಿರುವುದು ಸಾಬೀತಾಗಿದೆ... ಇನ್ನು ಮುಂದೆ ಕ್ಲಬ್ಬಿನ ಆವರಣದೊಳಗೆ ಕಾಲಿಡಕೂಡದು.” ಕೆಳಗೆ ಶ್ರೀಕರನ ಉದ್ದನೆಯ ಸಹಿ.

ಅಂದಿನಿಂದ ಪಾಡಾದ, ಅಂದರೆ ಕೇರಿಯ, ಜನ ಹೊನ್ನಪ್ಪನಿಗೆ ‘ಕೊಶಾಯ್’ ಎಂದು ಹೆಸರಿಟ್ಟರು. ಕಸಾಯಿಯೇ ಬಂಗಾಳಿ ನಾಲಿಗೆಯಲ್ಲಿ ಹಾಗಾಗುತ್ತದೆ; ಅದಕ್ಕೆ ಅಣ್ಣ ಎಂಬ ‘ದಾ’ ಬೇರೆ. ಬಜಾರಿನಲ್ಲಿ ಮೀನಿನವನು ಸಾವಿತ್ರಿಯನ್ನು ಕಂಡರೆ, “ಕೊಶಾಯ್‌ದಾಗೆ ಕತ್ತಿ ಬೇಕೇನು ಕೇಳಿ ಬೌದಿ,” ಎಂದು ಹಲ್ಲು ಕಿರಿಯುತ್ತಿದ್ದ. ಮಗಳು ಪೂರ್ವಿ ಶಾಲೆಯಿಂದ ಅಳುತ್ತಾ ಬಂದ ದಿನಗಳಿಗೆ ಲೆಕ್ಕವಿಲ್ಲ.

“ಯಾಕ ಹಂಗ ಒದ್ರಿ?” ಎಂದು ಸಾವಿತ್ರಿ ಕೇಳಿದ್ದಳು.

“ಸಿಟ್ಟು ಬಂದಿತ್ತು,” ಎಂದಿದ್ದ ಹೊನ್ನಪ್ಪ.

ಸಿಟ್ಟು! ಮನೆ ಮಾಲೀಕ ನೀರು ನಿಲ್ಲಿಸಿದರೂ ಬಕೆಟ್ಟು ಹಿಡಿದು ಬೀದಿ ನಲ್ಲಿಗೆ ಹೋದ ಗಂಡಸು. ಸಾರಿಗೆ ಉಪ್ಪು ಮರೆತರೆ ತಾನೇ ಎದ್ದು ಹಾಕಿಕೊಂಡವನು. ಆದರೂ ಸಾವಿತ್ರಿ ನಂಬಿದಳು, ಹೇಳಿದವನು ಅವನೇ ಆದ್ದರಿಂದ. ಒಮ್ಮೆ ಯಾವುದೋ ಸಣ್ಣ ಜಗಳದಲ್ಲಿ ಅವಳ ಬಾಯಿಂದಲೇ “ಕೊಶಾಯ್” ಎಂದು ಬಂದುಬಿಟ್ಟಿತ್ತು. ಹೊನ್ನಪ್ಪ ತಿನ್ನುತ್ತಿದ್ದ ರೊಟ್ಟಿಯನ್ನು ಮುಗಿಸಿ, ತಟ್ಟೆ ತೊಳೆದಿಟ್ಟು, ಹೊರಗೆ ಹೋಗಿದ್ದ. ಆ ತಟ್ಟೆ ತೊಳೆದ ಸದ್ದು ಇಂದಿಗೂ ಅವಳ ಕಿವಿಯಿಂದ ಹೋಗಿಲ್ಲ.

ಹೊರಗೆ ಅಂದರೆ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಮೇಲ್ಸೇತುವೆಗೆ. ಅಲ್ಲಿ ನಿಂತರೆ ಗೋಡೆಯಾಚೆ ಕ್ಲಬ್ಬಿನ ಅರ್ಧ ಮೈದಾನ ಕಾಣುತ್ತಿತ್ತು. ಮೂವತ್ತಾರು ವರ್ಷ ಹೊನ್ನಪ್ಪ ಅರ್ಧ ಆಟವನ್ನೇ ನೋಡಿದ. ಉಳಿದರ್ಧದಲ್ಲಿ ಗೋಲಾಯಿತೋ ಇಲ್ಲವೋ ಎಂಬುದನ್ನು ಗಲಾಟೆಯಿಂದ ತಿಳಿಯಬೇಕಿತ್ತು. ನಿನ್ನೆ ಅಜಯನಿಗೆ ಕೆಂಪು ಕಾರ್ಡ್ ಸಿಕ್ಕ ಸಂಜೆಯೂ ಗರಿಯಾಹಾಟಿನ ಮಾರುಕಟ್ಟೆಯಿಂದ ಮೆಂತ್ಯ ಸೊಪ್ಪಿನ ಚೀಲ ಹಿಡಿದು ಅಲ್ಲೇ ನಿಂತಿದ್ದವನು, ಅಲ್ಲೇ ಎದೆ ಹಿಡಿದು ಕುಸಿದ.

*

ಮೂರು ವರ್ಷದ ಹಿಂದೆ ಅದೇ ಸೇತುವೆಯ ಮೇಲೆ ಒಬ್ಬ ಕುಂಟುವ ಮನುಷ್ಯ ಹೊನ್ನಪ್ಪನನ್ನು ಗುರುತಿಸಿದ್ದ. ಜೀವನ್. ಹೊಡೆಯುವ ಬದಲು ಟೀ ಕೇಳಿದ. ಆಮೇಲೆ ಪ್ರತಿ ಭಾನುವಾರ ಮನೆಗೇ ಬರತೊಡಗಿದ. ಇಬ್ಬರೂ ಟಿವಿ ಮುಂದೆ ಕೂತು ಇಂದಿನ ಹುಡುಗರಿಗೆ ಆಡಲು ಬರುವುದಿಲ್ಲವೆಂದು ಒಮ್ಮತದಿಂದ ಬಯ್ಯುತ್ತಿದ್ದರು.

ಒಂದು ಭಾನುವಾರ ಜೀವನ್ ಸಾವಿತ್ರಿಯನ್ನು ಕೇಳಿದ: “ಬೌದಿ, ಅವತ್ತು ನಾನು ಬೀಳುವ ಮುಂಚೆ ನಿಮ್ಮ ಕ್ಯಾಪ್ಟನ್ ಎರಡು ಸಲ ಏನೋ ಕೂಗಿದ. ನಿಮ್ಮ ಭಾಷೆ. ಅರ್ಥ ಗೊತ್ತಿಲ್ಲ, ಆದರೆ ಇನ್ನೂ ಕನಸಿನಲ್ಲಿ ಕೇಳುತ್ತದೆ.” ಆಮೇಲೆ ಕಣ್ಣು ಮುಚ್ಚಿ, ಮಂತ್ರ ಒಪ್ಪಿಸುವವನ ಹಾಗೆ ಹೇಳಿದ: “ಕಾಲು ಮುರ್ದಾಕೋ ಹೊನ್ನೊಪ್ಪಾ! ಮೇಲೆ ಏಲ್ಬಾರ್ದು!”

ಹೊನ್ನಪ್ಪನ ಕೈಯ ಟೀ ಕಪ್ಪು ತುಟಿಯ ಹತ್ತಿರವೇ ನಿಂತಿತು. ರೆಫರಿಗೆ ಕನ್ನಡ ಬಾರದು, ಮೈದಾನದಲ್ಲಿ ಯಾರಿಗೂ ಬಾರದು ಎಂಬ ಧೈರ್ಯದಲ್ಲಿ ಶ್ರೀಕರ ಬಾಯ್ತುಂಬ ಕೂಗಿದ್ದ. ಅರ್ಥವಾಗದ ಮಾತನ್ನೂ ಒಬ್ಬ ಮೂವತ್ತಮೂರು ವರ್ಷ ನೆನಪಿಟ್ಟುಕೊಳ್ಳಬಹುದೆಂದು ಅವನಿಗೆ ಹೊಳೆದಿರಲಿಲ್ಲ.

“ನಮ್ಮ ಕಡೆಯ ಕನ್ನಡ ಅಲ್ಲ, ಗೊತ್ತಾಗಲಿಲ್ಲ,” ಎಂದು ಸಾವಿತ್ರಿ ಜೀವನನಿಗೆ ಸುಳ್ಳು ಹೇಳಿದಳು. ಅವನು ಹೋದ ಮೇಲೆ ಗಂಡನ ಎದುರು ಬಂದು ನಿಂತಳು. “ಇಷ್ಟ್ ವರ್ಷ ನನಗೂ ಹೇಳಲಿಲ್ಲಲ್ರೀ! ನಾನೂ ನಿಮಗ ಕೊಶಾಯ್ ಅಂದ್ನಲ್ಲ!”

“ಒದ್ದದ್ದು ನನ್ನ ಕಾಲಽ ಸಾವಿತ್ರಿ. ಅವನ ಬಾಯಿ ಅಲ್ಲ,” ಎಂದ ಹೊನ್ನಪ್ಪ. “ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎಲ್ಲಾ ನೀ ಹೊತ್ಕೋ, ಮೂರು ತಿಂಗಳದಾಗ ಸರಿ ಮಾಡ್ತೀನಿ ಅಂದಿದ್ದ. ನಾ ಮಾತು ಕೊಟ್ಟೆ. ಈಗ ಅದನ್ನ ಕೆದಕಬ್ಯಾಡ. ನಾ ಇರೂತನಕ ಬಾಯಿ ಬಿಡಬ್ಯಾಡ.”

ಇರೂತನಕ. ಸಾವಿತ್ರಿ ಆಣೆ ಮಾಡಿದಳು. ಆ ಒಂದು ಪದವನ್ನು ಮಾತ್ರ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು.

*

“ಸಾವಿತ್ರಮ್ಮ, ನಮ್ಮ ಹಳೇ ಆಟಗಾರರು ಯಾರೂ ಕ್ಲಬ್ಬಿಗೆ ಬರದೆ ಸ್ಮಶಾನಕ್ಕೆ ಹೋದದ್ದಿಲ್ಲ,” ಎಂದ ಶ್ರೀಕರ, ಒಳಗೆ ಬಂದು ಕೈ ಮುಗಿದು. “ಗೇಟಿನ ಹತ್ತಿರ ಬಾವುಟ ಹೊದಿಸಿ, ಮೈದಾನಕ್ಕೆ ಒಂದು ಸುತ್ತು. ಹಳೇದೆಲ್ಲ ಮರೆತುಬಿಡೋಣ. ನಾನಂತೂ ಕ್ಷಮಿಸಿದ್ದೀನಿ.”

ಕ್ಷಮಿಸಿದ್ದಾನಂತೆ! ಸಾವಿತ್ರಿಗೆ ಮೈ ಉರಿದುಹೋಯಿತು. ಅವನ ಮುಖಕ್ಕೆ ಆಲ್ತಾ ಬಾಟಲಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಇಲ್ಲಿ ನೋಡುವವರು ಹತ್ತೇ ಜನ.

“ಆಗ್ಲಿ ಸಾಹೇಬ್ರ, ಬರ್ತೀವಿ,” ಎಂದಳು.

ಅಪ್ಪನನ್ನು ಬಂಗಾಳಿ ಮಕ್ಕಳಂತೆ ‘ಬಾಬಾ’ ಎನ್ನುತ್ತಿದ್ದ ಪೂರ್ವಿ ಅವಳ ತೋಳು ಹಿಡಿದು ಅಡುಗೆಮನೆಗೆ ಎಳೆದಳು. “ಅಮ್ಮಾ, ಆರ್ ಯೂ ಸೀರಿಯಸ್? ಆ ಮನುಷ್ಯನ ಫೋಟೋಗೆ ಬಾಬಾನ ಬಾಡಿ ಬೇಕಾ?”

“ನಿನಗ ಬಂಗಾಳಿ ನನಗಿಂತ ಚಂದ ಬರ್ತದಲ್ಲ ಪೂರ್ವಿ?” ಎಂದಳು ಸಾವಿತ್ರಿ. “ಗೇಟಿನ ಹತ್ರ ಜೀವನ್‌ದಾ ಏನ್ ಹೇಳ್ತಾನೋ, ಅದನ್ನ ಎಲ್ಲಾರಿಗೂ ತಿಳಿಯೂ ಹಂಗ ಹೇಳಬೇಕು. ಗಟ್ಟಿಯಾಗಿ. ಅಳಬಾರ್ದು.”

*

ಗಾಜಿನ ಶವಗಾಡಿ ಕ್ಲಬ್ಬಿನ ಗೇಟಿನ ಎದುರು ನಿಂತಾಗ ಹನ್ನೊಂದು ಗಂಟೆ. ನೂರೈವತ್ತು ಜನರಿದ್ದರು: ಹಳೆಯ ಸದಸ್ಯರು, ಪಾಡಾದವರು, ಜರ್ಸಿ ತೊಟ್ಟು ಸಾಲಾಗಿ ನಿಂತ ಈಗಿನ ತಂಡ. ಸಾಲಿನ ಕೊನೆಗೆ, ಯಾರೂ ಮಾತಾಡಿಸದೆ, ಆರನೇ ನಂಬರಿನ ಅಜಯ. ಬೆಳಿಗ್ಗೆ ವರಾಂಡದಲ್ಲಿ ವಾದಿಸಿದ ಮರಿಯಪ್ಪ, ವಿಶ್ವಾಸ್ ಇಬ್ಬರೂ ಗಾಡಿಯ ಹಿಂದೆಯೇ ಬಂದಿದ್ದರು; ಸುದ್ದಿ ತಿಳಿದ ಜೀವನನೂ ಬಂದಿದ್ದ.

ಶ್ರೀಕರ ಬಾವುಟ ಹಿಡಿದು ಬಂಗಾಳಿಯಲ್ಲಿ ಭಾಷಣ ಶುರುಮಾಡಿದ. “ಹೊನ್ನಪ್ಪನಂಥ ಶಿಸ್ತಿನ ಆಟಗಾರ ಮತ್ತೆ ಹುಟ್ಟುವುದಿಲ್ಲ...”

“ಸಾಹೇಬ್ರ, ಒಂದು ನಿಮಿಷ,” ಎನ್ನುತ್ತಾ ಸಾವಿತ್ರಿ ಗಾಡಿಯಿಂದ ಇಳಿದಳು. “ಜೀವನ್‌ದಾ, ಇಲ್ಲಿ ಬನ್ನಿ. ಅವತ್ತು ನನ್ನನ್ನು ಒಂದು ಮಾತಿನ ಅರ್ಥ ಕೇಳಿದಿರಲ್ಲ? ಅದನ್ನು ಈಗ ಹೇಳಿ.”

ಜೀವನ್ ಕೋಲೂರಿಕೊಂಡು ಮುಂದೆ ಬಂದ. ಅವನ ಕಾಲನ್ನು ಆ ಊರಿನ ಹಳಬರೆಲ್ಲ ಬಲ್ಲರು; ಜನ ತಾವಾಗಿ ದಾರಿ ಬಿಟ್ಟರು. ಅವನು ಗಾಜಿನೊಳಗೆ ಒಮ್ಮೆ ನೋಡಿ, ಕಣ್ಣು ಮುಚ್ಚಿದ.

“ಕಾಲು ಮುರ್ದಾಕೋ ಹೊನ್ನೊಪ್ಪಾ! ಮೇಲೆ ಏಲ್ಬಾರ್ದು!”

ಮರಿಯಪ್ಪ “ಅಯ್ಯೋ ಶಿವನೇ” ಎಂದರು. ವಿಶ್ವಾಸ್ ತಿರುಗಿ ಶ್ರೀಕರನನ್ನೇ ನೋಡಿದ. ಬಂಗಾಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಯಾರು ಕೂಗಿದ್ದು ಜೀವನ್‌ದಾ?”

“ಇವರು. ಕ್ಯಾಪ್ಟನ್. ಎರಡು ಸಲ.”

ಪೂರ್ವಿ ಗಾಡಿಯ ಮೆಟ್ಟಿಲ ಮೇಲೆ ಹತ್ತಿ ನಿಂತಳು. ಅಪ್ಪನಿಗಾಗಿ ಶಾಲೆಯ ದಿನಗಳುದ್ದಕ್ಕೂ ಅತ್ತವಳು ಈಗ ಅಳಲಿಲ್ಲ. ಸ್ಪಷ್ಟ ಬಂಗಾಳಿಯಲ್ಲಿ, ಒಂದೊಂದೇ ಪದವಾಗಿ ಹೇಳಿದಳು: “ಇದು ಕನ್ನಡ. ‘ಅವನ ಕಾಲು ಮುರಿದು ಹಾಕು ಹೊನ್ನಪ್ಪಾ, ಅವನು ಮೇಲೆ ಏಳಬಾರದು’ ಅಂತ ಇದರ ಅರ್ಥ.”

ಜೀವನನ ಬಾಯಿ ತೆರೆದೇ ಇತ್ತು. ಅರ್ಥ ಅವನಿಗೂ ಈಗಲೇ ಗೊತ್ತಾದದ್ದು.

“ಅದು... ಆಟದ ಬಿಸಿಯಲ್ಲಿ ಏನೇನೋ ಬಾಯಿಗೆ ಬರುತ್ತೆ,” ಎಂದ ಶ್ರೀಕರ. “ಮೂವತ್ತಾರು ವರ್ಷದ ಹಿಂದೆ ಆಡಿದ ಮಾತು, ಸಾವಿತ್ರಮ್ಮ...” ಅಷ್ಟು ಹೇಳಿದ ಮೇಲೆ ತಾನು ಒಪ್ಪಿಕೊಂಡೆನೆಂದು ಅವನಿಗೇ ತಿಳಿಯಿತು. ಕ್ಯಾಮೆರಾದವನಿಗೆ ನಿಲ್ಲಿಸು ಎಂದು ಕೈ ಮಾಡಿದ. ಅವನು ನಿಲ್ಲಿಸಲಿಲ್ಲ.

ಹಿಂದಿನಿಂದ ಯಾರೋ ಮುದುಕರು “ಕೊಶಾಯ್” ಎಂದರು. ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಆ ಹೆಸರು ಕೇಳಿ ಯಾರೂ ಹೊನ್ನಪ್ಪನ ಕಡೆ ತಿರುಗಲಿಲ್ಲ.

ಸಾವಿತ್ರಿಗೆ ಎದೆ ತುಂಬಿ ಬಂತು. ಇದೇ ಬೇಕಾಗಿತ್ತು, ಇಷ್ಟೇ ಬೇಕಾಗಿತ್ತು, ಇನ್ನೂ ಬೇಕಾಗಿತ್ತು. ಅವಳು ಸೆರಗಿನಿಂದ ಹಳದಿ ಕಾಗದ ತೆಗೆದು, ಗೇಟು ದಾಟಿ ನಾಲ್ಕು ಹೆಜ್ಜೆ ಒಳಗೆ ನಡೆದಳು. ಅಲ್ಲಿ ಗೋಡೆಗೆ ನೋಟಿಸ್ ಬೋರ್ಡು. ಅಜಯನನ್ನು ಸಂಜೆಯ ಕಮಿಟಿಗೆ ಕರೆದ ನೋಟಿಸು ನಾಲ್ಕು ಪಿನ್ನುಗಳಲ್ಲಿ ನೆಟ್ಟಗೆ ನಿಂತಿತ್ತು. ಬೇರೆ ಪಿನ್ನು ಇರಲಿಲ್ಲ. ಅವಳು ಹುಡುಕುವುದನ್ನು ನೋಡಿ ಅಜಯ ಸಾಲು ಬಿಟ್ಟು ಬಂದ. ತನ್ನ ನೋಟಿಸಿನ ಮೂರು ಪಿನ್ನು ಕಿತ್ತು ಅವಳ ಅಂಗೈಗೆ ಹಾಕಿದ.

ಸಾವಿತ್ರಿ ಕಾಗದವನ್ನು ಚುಚ್ಚಿ, ಹಿಂದಕ್ಕೆ ಸರಿದು ಸೊಟ್ಟಗಿಲ್ಲವೆಂದು ನೋಡಿಕೊಂಡಳು. ಶ್ರೀಕರನ ಎದುರು ಬಂದಾಗ ಅವನು ಬಾವುಟವನ್ನು ಅವಳ ಕಡೆ ಚಾಚಿದ.

“ಅದನ್ನ ನೀವಽ ಇಟ್ಕೋರಿ ಸಾಹೇಬ್ರ, ನಿಮಗ ಬೇಕಾಗ್ತದ,” ಎಂದಳು. “ಅವರ ಕಾಲು ಒಳಗ ಬಂದಾತು. ಇನ್ನ ಗಾಡಿ ಬಿಡಪಾ.”

ಗಾಡಿ ಹೊರಟಿತು. ಜೀವನ್ ಕೋಲೂರುತ್ತಾ ಹಿಂದೆ ನಡೆದ, ಅವನ ಹಿಂದೆ ಮರಿಯಪ್ಪ, ವಿಶ್ವಾಸ್, ಆಮೇಲೆ ಜರ್ಸಿಯ ಹುಡುಗರು, ಒಬ್ಬೊಬ್ಬರಾಗಿ ಎಲ್ಲರೂ. ಗೇಟಿನಲ್ಲಿ ಶ್ರೀಕರ ಉಳಿದ, ಬಿಚ್ಚಿದ ಬಾವುಟವನ್ನು ಮಡಚಲಾಗದೆ ಎದೆಗವುಚಿಕೊಂಡು. ಅವನ ಬೆನ್ನ ಹಿಂದೆ ಅಜಯನ ನೋಟಿಸು ಒಂದೇ ಪಿನ್ನಿಗೆ ನೇತಾಡುತ್ತಿತ್ತು. ಪಕ್ಕದಲ್ಲಿ ‘ಕಾಲಿಡಕೂಡದು’ ಎಂಬ ಸಾಲಿನ ಮೇಲೆ ಹೊನ್ನಪ್ಪನ ಬಲಗಾಲಿನ ಐದೂ ಬೆರಳು ಕೆಂಪಗೆ ಊರಿದ್ದವು, ಹಿಮ್ಮಡಿ ಸರಿಯಾಗಿ ಆ ಸಹಿಯ ಮೇಲಿತ್ತು.