ಪಾಲು ಬ್ಯಾರನ್ನಿನ ಎರಡು ಡಬ್ಬ

ಸಿದ್ದಮಲ್ಲಪ್ಪ, ಮಂಟಯ್ಯ ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು, ಮನೆಗೆ ಅಡ್ಡಗೋಡೆ ಹಾಕಿಕೊಂಡರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನು ಮಾತ್ರ ಸೀಳಲಾಗಲಿಲ್ಲ. ಅದು ಇಬ್ಬರಿಗೂ ಸೇರಿದಂತೆ ಪಾಲಿನಲ್ಲೇ ಉಳಿಯಿತು. ಈ ವರ್ಷ ಅಣ್ಣ ಒಳಗಿನ ಕಾವು ಅಳೆಯುವ ನೀಲಿ ಡಬ್ಬ ತಂದ. ತಮ್ಮ ಅವನಿಗೆ ಹೇಳದೆ ಫ್ಯಾನು ನಡೆಸುವ ಹಸಿರು ಡಬ್ಬ ತಂದ. ಎರಡೂ ಬೇರೆ ಬೇರೆ ಕಂಪನಿಯವು. ನೀಲಿ ಡಬ್ಬದೊಳಗಿನ ಚಿಪ್ ಆಡುವ ಮಾತು ಹಸಿರು ಡಬ್ಬದ ಚಿಪ್‌ಗೆ ತಿಳಿಯದು. ತಿಳಿಯಬಾರದೆಂದೇ ಮಾಡಿದ್ದು, ಸೀಮೆಯ ಬ್ಯಾರನ್ನುಗಳೆಲ್ಲ ತನ್ನ ಪದ್ಧತಿಗೇ ಬರಬೇಕೆಂಬುದು ಎರಡೂ ಕಂಪನಿಗಳ ಹಟ.

ಪಿರಿಯಾಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ವಾಣಿಶ್ರೀ ಎರಡರ ನಡುವೆ ಬೆಂಕಿಪೊಟ್ಟಣದಷ್ಟು ಸರ್ಕ್ಯೂಟು ಬೆಸೆದು ಕೂರಿಸಿದಳು. ನೀಲಿ ಹೇಳಿದ್ದನ್ನು ಅದು ಹಸಿರಿಗೆ ತಿಳಿಯುವಂತೆ ದಾಟಿಸಿತು. ಫ್ಯಾನು ತಿರುಗಿತು.

ಮೂರನೇ ದಿನ ನೀಲಿ ಕಂಪನಿಯ ಗೌರೀಶ್ ಅಂಗಡಿಗೇ ಬಂದ. "ಮೇಡಂ, ಅದನ್ನ ಇವತ್ತೇ ತೆಗೀರಿ. ಇಲ್ಲಾಂದ್ರೆ ನಮ್ಮ ಸರ್ವಿಸ್ ಸೆಂಟರ್ ಬೋರ್ಡು ಇಳಿಸ್ತೀವಿ. ಸ್ಪೇರೂ ಬರಲ್ಲ."

ಬೆಂಚಿನ ಮೇಲಿದ್ದ ಮಂಟಯ್ಯ ಎದ್ದ. "ಸೊಪ್ಪು ಈಗ ತಾನೆ ಅಳದಿ ಬಣ್ಣಕ್ಕೆ ತಿರುಗೈತೆ ಕಣ್ರೀ. ಫ್ಯಾನು ನಿಂತ್ರೆ ಕಪ್ಪಾಯ್ತದೆ."

"ಒಂದು ಬ್ಯಾರನ್ನಿಗೆ ಒಂದೇ ಕಂಪನಿ ತಗೋಬೇಕು ಯಜಮಾನ್ರೇ."

"ಅಂಗಾದ್ರೆ ನಮ್ಮಪ್ಪನ್ನ ಕೇಳ್ಬೇಕಿತ್ತು, ಇಬ್ರನ್ನ ಯಾಕೆ ಉಟ್ಟಿಸ್ದೆ ಅಂತ."

ವಾಣಿಶ್ರೀ ನಗಲಿಲ್ಲ. ಆ ಬೋರ್ಡಿಗಾಗಿ ಅವಳು ಎರಡು ವರ್ಷ ಅಲೆದಿದ್ದಳು. ಅದನ್ನು ನೋಡಿಯೇ ಎಚ್.ಡಿ. ಕೋಟೆಯಿಂದಲೂ ಜನ ಬರುತ್ತಿದ್ದರು. ಅದು ಹೋದರೆ ಮತ್ತೆ ಮೊಬೈಲ್ ಚಾರ್ಜರ್ ಬಿಚ್ಚುತ್ತ ಕೂರಬೇಕು.

"ಹಸಿರಿನವರ ಜೊತೆ ಸೇರ್ಕೊಂಡ್ರಾ?" ಗೌರೀಶ್ ಕೆಣಕಿದ.

"ಬೆಳಿಗ್ಗೆ ಅವರೂ ಬಂದಿದ್ರು. ಅದನ್ನ ತೆಗೀರಿ ಅಂತ ಬೆದರಿಸೋಕೇನೆ."

ಅವಳು ಡ್ರಾಯರಿನಿಂದ ಸರ್ಕ್ಯೂಟಿನ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದಳು. ಫೋಟೋ ಹೊಡೆದು, ಅವನು ನೋಡುತ್ತಿದ್ದಂತೆಯೇ ಮೆಕ್ಯಾನಿಕ್‌ಗಳ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಹುಣಸೂರು, ಕೆ.ಆರ್. ನಗರ, ಕೋಟೆ, ಎಲ್ಲ ಕಡೆಯವರೂ ಅದರಲ್ಲಿದ್ದರು.

"ಒಂದನ್ನ ಕೀಳೋಕೆ ಬಂದ್ರಿ. ಇನ್ಮೇಲೆ ನಾಲ್ಕು ತಾಲ್ಲೂಕಲ್ಲಿ ಕೀಳ್ತಾ ಹೋಗಿ."

"ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಿ."

"ಏಣಿ ಹಿಂದುಗಡೆ ಇದೆ. ಬೋರ್ಡು ಇಳಿಸ್ಕೊಳ್ಳಿ."

ಗೌರೀಶ್ ಏಣಿ ಹತ್ತಿದ. ಮಂಟಯ್ಯ ಕೆಳಗೆ ಹಿಡಿದುಕೊಂಡು, "ನಿಧಾನ ಸಾಮಿ, ಬಿದ್ರೆ ಅದಕ್ಕೂ ನಮ್ಮನ್ನೇ ಅಂತೀರಿ" ಎಂದ.

ಫೋನು ಗುಂಯ್‌ಗುಟ್ಟಿತು. ಹುಣಸೂರಿನ ಮರಿಯಯ್ಯ: "ಅಕ್ಕ, ಮೂರನೇ ವೈರು ಕೆಂಪಾ, ಕಪ್ಪಾ? ಫೋಟೋ ಮಬ್ಬು."

ವಾಣಿಶ್ರೀ "ಕಪ್ಪು" ಎಂದು ಬರೆದು, ಇನ್ನೊಂದು ಫೋಟೋ ಹೊಡೆಯಲು ನಕ್ಷೆಯನ್ನು ಬೆಳಕಿಗೆ ತಂದಳು.